ಮುಳುಗಿದೆ, ಮುಳುಗಿಸಿದೆ

ಫ್ರಿಸ್ಕೋ, ಟೆಕ್ಸಾಸ್
ಗುರುವಾರ, ಅಕ್ಟೋಬರ್ 30, 2025

ಚಿ. ಸೌ. ಗೀತಾಳಿಗೆ ನಿನ್ನ ಯಜಮಾನನ ಆಶೀರ್ವಾದ, ಬೇಕಿದ್ದರೆ ಇಟ್ಟುಕೋ.

ನಿನ್ನ ಮಂಡಿನೋವು ಹೇಗಿದೆ? ಶ್ರೇಯಾ, ಕೂಸು ಇಬ್ಬರೂ ಕ್ಷೇಮವೇ? ಮಗಳ ಬಾಣಂತನಕ್ಕೆ ಹೋದವಳು ನೀನೇ ಮಲಗಿಬಿಡಬೇಡ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ಕೂತಲ್ಲಿ ಕೂರಲಾಗುತ್ತಿಲ್ಲ. ಕಾಫಿ ಲೋಟ ಹಿಡಿದು ಮನೆಯೊಳಗೇ ಸುತ್ತುತ್ತೇನೆ. ಕಾರ್ಪೆಟ್ ಸವೆಯುತ್ತೆ ಎಂದು ಇಲ್ಲಿ ನಿನ್ನ ಮಗಳು ಪ್ರಗತಿ ರೇಗಿಸುತ್ತಾಳೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಸ್ಪೀಕರ್ ಹಾಕಿಯೇ ಮಾತಾಡುವವಳು. ಅದಕ್ಕೇ ನಾಳೆ ಆಫೀಸ್ ಕೆಲಸಕ್ಕೆ ಹೂಸ್ಟನ್‌ಗೆ ಹೊರಟಿರುವ ಅಳಿಯಂದಿರ ಕೈಯಲ್ಲಿ, ಮೆಂತ್ಯದ ಹಿಟ್ಟಿನ ಜೊತೆ ಈ ಕಾಗದ.

ವಿಷಯ ನಮ್ಮ ಮೊಮ್ಮಗನದು. ಭಾನುವಾರ ಕನ್ನಡ ಶಾಲೆಯಲ್ಲಿ ರಾಜ್ಯೋತ್ಸವದ ಛದ್ಮವೇಷ ಸ್ಪರ್ಧೆ. ಉಳಿದ ಮಕ್ಕಳೆಲ್ಲ ಓಬವ್ವ, ಕನಕದಾಸ ಆದರೆ ಮಿಹಿರ್ ಜರ್ಮನ್ ಸಬ್‌ಮರೀನ್ ಕಮಾಂಡರ್ ಆಗುತ್ತಾನಂತೆ! ಐದನೇ ಕ್ಲಾಸಿನ ಮಹಾಯುದ್ಧದ ಪಾಠದಿಂದ ಹತ್ತಿದ ಹುಚ್ಚು. ಕಮಾಂಡರನ ಹೆಸರು ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ. ಭಾಷಣ ಕನ್ನಡದಲ್ಲಿರಬೇಕು, ಕಲಿಸುವ ಕೆಲಸ ನನ್ನ ತಲೆಗೆ. ನೇವಿಯಲ್ಲಿದ್ದವರು ನೀವಲ್ಲವಾ ಎನ್ನುತ್ತಾಳೆ ಪ್ರಗತಿ. ಅವಳಿಗೇನು ಗೊತ್ತು? ಎಪ್ಪತ್ತೊಂದರಲ್ಲಿ ನಮ್ಮ ಹಡಗನ್ನು ಪಾಕಿಸ್ತಾನದ ಸಬ್‌ಮರೀನ್ ಹೊಡೆದದ್ದು, ನೀರಿನಲ್ಲಿ ಜೊತೆಗಾರ ಬಾಳಪ್ಪನ ಕೈ ನನ್ನ ಕೈಯಿಂದ ಜಾರಿದ್ದು ನಿನಗೊಬ್ಬಳಿಗೇ ಗೊತ್ತು. ‘ಮಕ್ಕಳ ಮುಂದೆ ಆ ನೀರಿನ ಮಾತು ಬೇಡ ರೀ’ ಎಂದು ನನ್ನ ಬಾಯಿ ಕಟ್ಟಿಹಾಕಿದವಳೂ ನೀನೇ.

ಹಾಗಾಗಿ ದಿನಾ ಸಂಜೆ ಆ ಕಮಾಂಡರನ ಬಾಯಾಗಿ ಕೂರುತ್ತೇನೆ. ಮೂವತ್ತು ತುಂಬುವ ಮೊದಲೇ ಅವನ ಕೈಗೆ ಸಬ್‌ಮರೀನ್ ಕೊಟ್ಟರಂತೆ. ಅಟ್ಲಾಂಟಿಕ್‌ನಲ್ಲಿ ಬೇಟೆಯಾಡಿ, ನಲವತ್ತೆರಡರಲ್ಲಿ ಈ ಟೆಕ್ಸಾಸಿನ ಬಾಗಿಲಿಗೇ ಬಂದು, ಎಣ್ಣೆ ತುಂಬಿಕೊಂಡು ಹೊರಟ ಹಡಗುಗಳಿಗಾಗಿ ಕಾದು ಕುಳಿತನಂತೆ. ಕೊರಳಿಗೆ ಪದಕ ಬಿತ್ತು. ಜೊತೆಯವರು ಒಬ್ಬೊಬ್ಬರಾಗಿ ಸಮುದ್ರದ ಪಾಲಾಗುವ ಹೊತ್ತಿಗೆ ಇವನನ್ನು ದಡಕ್ಕೆ ಕರೆಸಿ ಹೊಸಬರಿಗೆ ಪಾಠ ಹೇಳಲು ಕೂರಿಸಿದರು, ಹಾಗೆ ಉಳಿದುಕೊಂಡ. ಒಮ್ಮೆ ಮೇಲೆದ್ದು ಬಂದು, ತಾನೇ ಒಡೆದ ಹಡಗಿನವರ ದೋಣಿಗೆ ಕುಡಿಯುವ ನೀರು ಕೊಟ್ಟು, ದಡ ಯಾವ ಕಡೆ ಎಂದು ತೋರಿಸಿದನಂತೆ. ಅಲ್ಲಿಗೆ ಬಂದಾಗ ನನಗೆ ಹೊಟ್ಟೆ ಉರಿಯುತ್ತದೆ. ನಮ್ಮನ್ನು ಹೊಡೆದವನು ಬರಲೇ ಇಲ್ಲ. ಬಂದಿದ್ದರೆ ಬಾಳಪ್ಪ ಇರುತ್ತಿದ್ದನಲ್ಲ.

ಮಿಹಿರ್ ಇದನ್ನೆಲ್ಲ ಇಂಗ್ಲಿಷಿನಲ್ಲಿ ಪಟಪಟ ಹೇಳುತ್ತಾನೆ. ಕನ್ನಡದಲ್ಲಿ ಮಾತ್ರ ಒಂದೇ ಕಡೆ ಎಡವುತ್ತಾನೆ: ‘ನಾನು ಹನ್ನೆರಡು ಹಡಗು ಮುಳುಗಿದೆ.’ ಮುಳುಗಿದೆ ಅಲ್ಲ ಕಣೋ, ಮುಳುಗಿಸಿದೆ ಎಂದು ತಿದ್ದಬೇಕು. ತಿದ್ದಲು ಬಾಯಿ ಬರುವುದಿಲ್ಲ. ರಟ್ಟಿನ ಪೆರಿಸ್ಕೋಪ್ ಹಿಡಿದು, ಬಿಳಿ ಟೋಪಿ ಇಟ್ಟುಕೊಂಡು ಎದುರಿಗೆ ನಿಂತರೆ ಎಷ್ಟು ಮುದ್ದಾಗಿ ಕಾಣುತ್ತಾನೆ ಗೊತ್ತಾ? ಅದೇ ನನ್ನ ಸಂಕಟ. ಈ ವೇಷ ಬೇಡ ಎಂದರೆ ಕಾರಣ ಹೇಳಬೇಕು, ಸುಮ್ಮನಿದ್ದರೆ ಭಾನುವಾರ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಬೇಕು. ಬಾಯಲ್ಲಿ ಬಿಸಿ ತುಪ್ಪ, ನುಂಗಲಾರೆ, ಉಗುಳಲಾರೆ. ನೀನು ಇಲ್ಲಿದ್ದಿದ್ದರೆ ಏನಾದರೊಂದು ನೆಪ ಹೂಡುತ್ತಿದ್ದೆ.

ಶ್ರೇಯಾಗೆ ತಣ್ಣೀರು ಮುಟ್ಟಬೇಡವೆಂದು ಹೇಳು. ಕೂಸಿನ ಅಂಗಾಲಿಗೆ ನನ್ನದೊಂದು ಮುತ್ತು.

ಇಂತು ನಿನ್ನ
ಲಕ್ಷ್ಮೀನಾರಾಯಣ

ತಾ.ಕ.: ಹೇಳಿಬಿಟ್ಟೆ, ಗೀತಾ. ಕಾಗದ ಮಡಿಸುತ್ತಿದ್ದಾಗ ಮಿಹಿರ್ ಬಂದು ಮತ್ತೆ ‘ಮುಳುಗಿದೆ’ ಎಂದ. ‘ಅವನು ಮುಳುಗಿಸಿದವನು ಕಣೋ, ಮುಳುಗಿದವನು ನಾನು’ ಎಂದು ಬಾಯಿಂದ ಬಂದುಬಿಟ್ಟಿತು. ಆಮೇಲೆ ಬಾಳಪ್ಪನ ಕೈ ಜಾರಿದ್ದರವರೆಗೂ ಹೇಳಿದೆ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಇಂಗ್ಲಿಷ್ ಬಿಟ್ಟು ಕೇಳಿದ: ‘ಹಾಗಾದ್ರೆ ತಾತ, ನಾನು ಬಾಳಪ್ಪನ್ನ ಮುಳುಗಿಸಿದೆನಾ?’ ‘ಸಿ’ ಸರಿಯಾಗಿ ಬಿತ್ತು. ಈಗ ರೂಮಿನ ಬಾಗಿಲು ಹಾಕಿಕೊಂಡಿದ್ದಾನೆ. ಕಾಗದ ಸಿಕ್ಕ ಕೂಡಲೇ ಅವನಿಗೆ ಫೋನ್ ಮಾಡು. ಸ್ಪೀಕರ್ ಹಾಕಿಯೇ ಮಾತಾಡು, ಎಲ್ಲರೂ ಕೇಳಲಿ.