ಕಾಂತರಾಜುವಿನ ಎರಡು ದನಿ

೧೧ ನವೆಂಬರ್ ೨೦೨೫, ಮಂಗಳವಾರ. ಹುಣಸೂರು.

ಅಷ್ಟು ಶ್ರಮಪಟ್ಟು ಸರಿಪಡಿಸಿದ್ದು ಇಂದು ಬೇಡವಾಯಿತು.

ಹನಗೋಡಿನ ನಮ್ಮ ರಾಕ್ ಬ್ಯಾಂಡಿನಿಂದ ಉಳಿದಿರುವುದು ಒಂದೇ ಕ್ಯಾಸೆಟ್. ಹೊಗೆಸೊಪ್ಪು ಬೇಯಿಸುವ ಕಾಲ ಮುಗಿದ ಮೇಲೆ ಖಾಲಿ ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಬೇಯಿಸುವ ಮನೆಯಲ್ಲಿ, ಅಭ್ಯಾಸ ಮಾಡುತ್ತಿದ್ದೆವು. ದಪ್ಪ ಮಣ್ಣಿನ ಗೋಡೆಗಳು ಸದ್ದನ್ನು ಊರಿಗೆ ಬಿಡುತ್ತಿರಲಿಲ್ಲ. ರೆಕಾರ್ಡ್ ಮಾಡಿದ ಕ್ಯಾಸೆಟ್ಟನ್ನು ಅಲ್ಲಿಯೇ ಗೂಡಿನಲ್ಲಿ ಮರೆತೆವು. ಮರುವರ್ಷ ಒಲೆ ಹೊತ್ತಿಸಿದಾಗ ಬಿಸಿಗೆ ಟೇಪು ಹಿಗ್ಗಿತು. ಹಿಗ್ಗಿದ ಟೇಪಿನಲ್ಲಿ ಹಾಡು ನಿಧಾನವಾಗುತ್ತದೆ, ದನಿ ದಪ್ಪವಾಗುತ್ತದೆ.

ಹಾಡಿದವನು ಕಾಂತರಾಜು. ಹೋದ ತಿಂಗಳು ತೀರಿಕೊಂಡ. ಮಗಳು ಹುಟ್ಟುವ ಮೊದಲೇ ಅವನು ಹಾಡುವುದನ್ನು ಬಿಟ್ಟಿದ್ದ. ಅಪ್ಪನ ಹಾಡನ್ನು ಒಮ್ಮೆಯಾದರೂ ಕೇಳಬೇಕೆಂದು ಆ ಮಗಳು, ರೂಪಶ್ರೀ, ಸಂಜೆ ಬಂದಳು. ನನ್ನ ಗಿಟಾರಿನ ಶ್ರುತಿ ನೆನಪಿದ್ದುದರಿಂದ, ಕಂಪ್ಯೂಟರಿನಲ್ಲಿ ವೇಗ ಹೊಂದಿಸಿ, ಇಪ್ಪತ್ತರ ಹರೆಯದ ಅವನ ದನಿಯನ್ನು ಇದ್ದಂತೆಯೇ ಹೊರತಂದಿದ್ದೆ. ಕೇಳಿಸಿದೆ. ಅವಳ ಮುಖ ಸಪ್ಪಗಾಯಿತು.

"ಯಾರೋ ಹುಡ್ಗ ಹಾಡ್ದಂಗದೆ, ಚಿಕ್ಕಪ್ಪ. ನಮ್ಮಪ್ಪ ಎಲ್ಲಿ?"

ಕೆಟ್ಟಿದ್ದ ಟೇಪನ್ನೇ ಹಾಕಿದೆ.

"ಇದು ಕಣ್ರೀ ನಮ್ಮಪ್ಪ! ನನ್ನ ಬಯ್ಯುವಾಗ್ಲೂ ಇಂಗೇ ಎಳ್ದೆಳ್ದು ಮಾತಾಡ್ತಿತ್ತು. ಒಂದ್ ಬೈಗುಳ ಮುಗ್ಸೋ ಒತ್ಗೆ ನಾನು ಊಟ ಮುಗುಸ್ತಿದ್ದೆ!" ಎಂದು ನಕ್ಕಳು. ನಗುತ್ತಲೇ ಅತ್ತಳು.

ಅದನ್ನೇ ಅವಳ ಮೊಬೈಲಿಗೆ ಹಾಕಿಕೊಟ್ಟೆ. ಕೊಟ್ಟದ್ದು ಸರಿ, ಅವಳ ಅಪ್ಪ ಅವನೇ.

ಆದರೆ ಆ ಹುಡುಗ? ಡ್ರಮ್ ಬಾರಿಸುತ್ತಿದ್ದ ಗೌರೀಶನೂ ಹೋಗಿ ವರ್ಷಗಳಾದವು. ಆ ದನಿ ಕೇಳಿದರೆ, ಹೌದು, ಇವನೇ ಕಾಂತರಾಜು ಎಂದು ಹೇಳಲು ಇನ್ನು ನಾನೊಬ್ಬನೇ. ನಾನೂ ಇಲ್ಲವಾದ ಮೇಲೆ ಅದು ನಿಜಕ್ಕೂ ಯಾರೋ ಹುಡುಗನ ದನಿ.