ಸಿಕ್ಕಿದ್ದು ಬೀಗ, ಬೀಗರಲ್ಲ

ಚಿನ್ನೂ,

ಮೊದಲು ಇದನ್ನು ಹೇಳು, ಲ್ಯಾಬಿನಲ್ಲಿ ಚೇಳು ಮುಟ್ಟುವಾಗ ಗ್ಲೌಸ್ ಹಾಕಿಕೊಳ್ಳುತ್ತೀಯ ತಾನೆ? ನಾಲ್ಕು ದಿನದಿಂದ ನೀನು ಫೋನು ಎತ್ತುತ್ತಿಲ್ಲ. ನನಗೆ ಬೇಡದ್ದೆಲ್ಲ ಯೋಚನೆ ಬರುತ್ತೆ.

ತಪ್ಪು ನನ್ನದೇ ಮಗಳೇ. "ಅಮ್ಮಾ, ಏಳು ವರ್ಷ ಹುಡುಕಿದ್ದೆ, ಬೀಗ ಸಿಕ್ತಮ್ಮಾ!" ಅಂತ ನೀನು ಅಳುತ್ತಾ ನಗುತ್ತಾ ಹೇಳಿದೆ. ನಾನು ಬೀಗರು ಸಿಕ್ಕರು ಅಂದುಕೊಂಡು, "ಹುಡುಗ ಏನ್ ಮಾಡ್ತಾನೆ?" ಅಂದುಬಿಟ್ಟೆ. ನೀನು ಫೋನಿಟ್ಟೆ. ನಾಚಿಕೆಗೆ ಇಟ್ಟಳು ಅಂತ ತಿಳಿದು ನಿನ್ನ ಚಿಕ್ಕಮ್ಮನಿಗೆ, ಪಕ್ಕದ ಮನೆಯವರಿಗೆ, ಕೊನೆಗೆ ಹಾಲಿನವನಿಗೂ ಹೇಳಿಯಾಯ್ತು.

ನಿನ್ನ ತಮ್ಮ ಕೇಳಿ ತಲೆ ಚಚ್ಚಿಕೊಂಡ. "ಬೀಗರಲ್ಲಮ್ಮ, ಬಾಗಿಲ ಬೀಗದ ಥರ. ಚೇಳಿನ ವಿಷ ಕೀಲಿಕೈ ಇದ್ದ ಹಾಗೆ. ಅದು ನಮ್ಮ ನರದಲ್ಲಿ ಯಾವ ಬೀಗದಲ್ಲಿ ಕೂತು ನೋವು ಎಬ್ಬಿಸುತ್ತೆ ಅಂತ ಅಕ್ಕ ಕಂಡುಹಿಡಿದಿದ್ದಾಳೆ. ಮುಂದೆ ನೋವಿಗೇ ಔಷಧಿ ಆಗಬಹುದು" ಅಂದ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು, ನನಗೆ ಅರ್ಧ ತಿಳಿಯಿತು. ನೀನು ಏಳು ವರ್ಷದ ಕೆಲಸ ಹೇಳಿದರೆ ನಾನು ಹುಡುಗನ ಕೆಲಸ ಕೇಳಿದೆನಲ್ಲ, ಅದು ಮಾತ್ರ ಪೂರ್ತಿ ತಿಳಿಯಿತು.

ಒಂದು ಉಪಕಾರ ಮಾಡು. ಏನು ಸಿಕ್ಕಿತು ಅಂತ ದಪ್ಪ ಅಕ್ಷರದಲ್ಲಿ ನಾಲ್ಕು ಸಾಲು ಬರೆದು ಕಳಿಸು, ಕಷ್ಟದ ಪದ ಬೇಡ. ಮದುವೆ ಅಂತ ಹೇಳಿದ ಮನೆಗಳಿಗೆಲ್ಲ ನಾನೇ ಹೋಗಿ, ಕೂತು, ಓದಿ ಬರುತ್ತೇನೆ. ಚಿಕ್ಕಮ್ಮ "ಅದಿರಲಿ, ಮದುವೆ ಯಾವಾಗ?" ಅಂದರೆ, ಮೊದಲಿಂದ ಇನ್ನೊಂದು ಸಲ ಓದುತ್ತೇನೆ.

ನಿನ್ನ ದಡ್ಡ ಅಮ್ಮ