ಸಾಹುಕಾರನ ಬೂಟು, ನನ್ನ ಚಪ್ಪಲಿ

ಅಕ್ಕಾ,

ಡಯಾಲಿಸಿಸ್ ರೋಗಿಗಳಿಗೆ ದೇಣಿಗೆ ಎತ್ತುತ್ತ ಹರಿಹರ ಬಿಟ್ಟು ಆರು ದಿನವಾಯಿತು. ಬಿದಿರಿನ ಹೆಣಿಗೆಗೆ ತಾಡಪಾಲು ಹೊದಿಸಿದ ನಮ್ಮ ತಂಡದ ತೆಪ್ಪ ಹೊಳೆಗುಂಟ ಇವತ್ತು ಹಂಪಸಾಗರ ಮುಟ್ಟಿದೆ. ಗುಡೇಕೋಟೆಯ ಕುರುಚಲಲ್ಲಿ ಬೆಳೆದವನಿಗೆ ಇಷ್ಟು ನೀರು ಕಂಡು ಕೂತಲ್ಲಿ ಕೂರಲಾಗುತ್ತಿಲ್ಲ. ಅಂಗೈ ತುಂಬ ಬೊಬ್ಬೆ, ಜ್ವರವಿಲ್ಲ.

ಮೊದಲ ದಿನವೇ ತೆಪ್ಪ ನಡೆಸುವ ಅಂಜಿನಕ್ಕ, "ಚಪ್ಲಿ ಬಿಟ್ಟು ಹತ್ತಪಾ" ಅಂದಳು. ಗೌಡರ ಓಣಿಯಲ್ಲಿ ಚಪ್ಪಲಿ ಮೆಟ್ಟಿದ್ದಕ್ಕೆ ಹೊಡೆತ ತಿಂದ ಮನೆ ನಮ್ಮದು. ಬಿಡುವುದಿಲ್ಲ ಎಂದೆ.

"ಚಪ್ಲಿ ಮೊಳಿ ಚುಚ್ಚಿದ್ರ ತೆಪ್ಪದ ತಳ ಹರಿತೈತಿ. ಯಾವ ದೊರಿ ಬಂದ್ರೂ ಬಿಡಸ್ತೀನಿ."

ಬಿಟ್ಟೆ. ಆದರೆ ಆ ಮಾತು ನಂಬಲಿಲ್ಲ.

ಇವತ್ತು ದೊಡ್ಡ ದೇಣಿಗೆ ಕೊಡಲಿದ್ದ ಸಾಹುಕಾರ ಫೋಟೋಕ್ಕೆಂದು ಬೂಟುಗಾಲಲ್ಲೇ ಹತ್ತಲು ಬಂದ. ಅವನು ಸಿಟ್ಟಾದರೆ ರೋಗಿಗಳ ಹಣ ಹೋಗುತ್ತದೆಂದು ನಮ್ಮವರೆಲ್ಲ ಸರಿದು ದಾರಿ ಬಿಟ್ಟರು. ಅಂಜಿನಕ್ಕ ಹುಟ್ಟನ್ನು ಅಡ್ಡ ಹಿಡಿದಳು. "ಬೂಟು ಬಿಚ್ರಿ ಸಾವ್ಕಾರ್ರ, ತೂತು ಬಿದ್ರ ನೀವೂ ಮುಳುಗ್ತೀರಿ."

ಬಿಚ್ಚಿದ, ಅಕ್ಕಾ. ಚೆಕ್ಕನ್ನೂ ಕೊಟ್ಟ. ಅವನ ಕಡೆಯವನೊಬ್ಬ ನನ್ನತ್ತ ತಿರುಗಿ, "ಬೂಟು ಹಿಡ್ಕೊಳ್ಳಲೇ" ಅಂದ. ನಾನು ಹುಟ್ಟು ಹಿಡಿದೆ. ಒಂದು ಸುತ್ತು ಹೊಡೆದು ಬರುವವರೆಗೂ ಬೂಟು ದಂಡೆಯಲ್ಲೇ, ನನ್ನ ಚಪ್ಪಲಿಯ ಪಕ್ಕ, ಬಿಸಿಲಲ್ಲಿ ಬಿದ್ದಿದ್ದವು.

ಕರೆಯುತ್ತಿದ್ದಾರೆ, ಹೊರಟೆ.
ನಿನ್ನ ತಮ್ಮ ಮಾರೇಶ